ಏಳು ಮದುವೆಗಳ ಒಂದೇ ಪದ್ಯ

ಜಗಳ ಶುರುವಾದದ್ದು ನಾನು ಒತ್ತಾಯ ಮಾಡಿ ಹೇಳಿಸಿದ ಒಂದು ಸಾಲಿನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ.

ಬೈಲಹೊಂಗಲದ ಮಾರುಕಟ್ಟೆ ರಸ್ತೆಯ ನನ್ನ ಡಿಟಿಪಿ ಅಂಗಡಿಯಲ್ಲಿ ಸಂಕ್ರಾಂತಿ ಮುಗಿದ ವಾರ ಒಂದು ಕವನ ಸಂಕಲನದ ಪುಟ ಕಟ್ಟುತ್ತಿದ್ದೆ. ಕವಿಗೆ ಎಪ್ಪತ್ತು ದಾಟಿತ್ತು. ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಜೀವಮಾನವೆಲ್ಲ ಕಾಳು ತೂಗಿದವರು, ತೂಕದ ಚೀಟಿಗಳ ಬೆನ್ನಿಗೆ ಪದ್ಯ ಬರೆದಿಟ್ಟುಕೊಂಡವರು. ಇದು ಅವರ ಮೊದಲ ಪುಸ್ತಕ. ಬಿಡುಗಡೆಗೆ ಮೂರು ವಾರ ಇತ್ತು. ಹಿಂಬದಿಯ ರಕ್ಷಾಪುಟಕ್ಕೆ ಕವಿ ಪರಿಚಯ ನಾಲ್ಕು ಸಾಲು ಬೇಕು ಎಂದೆ. ಮೂರು ಸಾಲಿಗೆ ಅವರ ಬದುಕು ಮುಗಿದುಹೋಯಿತು. ನಾಲ್ಕನೆಯ ಸಾಲಿನ ಜಾಗ ಪರದೆಯ ಮೇಲೆ ಬೆಳ್ಳಗೆ ಉಳಿದು ನನ್ನ ಕಣ್ಣು ಚುಚ್ಚುತ್ತಿತ್ತು.

"ಏನರ ಹೇಳ್ರಿ ಕಾಕಾ," ಎಂದೆ. "ಒಂದು ಬಹುಮಾನ, ಒಂದು ಸನ್ಮಾನ, ಏನೂ ಇಲ್ಲೇನು?"

"ಹದಿನಾರು ವರ್ಷದಾಂವ ಇದ್ದಾಗ ನಂದೊಂದು ಪದ್ಯಾ ಅಚ್ಚಾಗಿತ್ತು. ಅದನ್ನ ಬ್ಯಾಡ ಬಿಡ್ರಿ," ಎಂದರು.

ಬಿಡುವ ಹೆಂಗಸೇ ನಾನು? ಆ ಕ್ಷಣವೇ ಬೆರಳಚ್ಚು ಮಾಡಿದೆ: 'ಇವರ ಮೊದಲ ಕವಿತೆ ಹದಿನಾರನೆಯ ವಯಸ್ಸಿನಲ್ಲೇ ಪ್ರಕಟವಾಯಿತು.' ರಕ್ಷಾಪುಟದ ಚಿತ್ರವನ್ನು ನಮ್ಮ ಫೇಸ್‌ಬುಕ್ ಗುಂಪಿಗೂ ಹಾಕಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಕಡೆಯ ಬರೆಯುವವರ ಗುಂಪು ಅದು. ಅದರ ಅಡ್ಮಿನ್ ನಾನೇ.

ಮೊದಲ ದಿನ ಬರೀ ಹೂವು, ಮುಗಿದ ಕೈಗಳ ಇಮೋಜಿ. ಎರಡನೆಯ ದಿನ ಒಬ್ಬರು ಕೇಳಿದರು: ಯಾವ ಪತ್ರಿಕೆ? ಇನ್ನೊಬ್ಬರು: ಯಾವ ಸಂಚಿಕೆ? ಮತ್ತೊಬ್ಬರು ತಾವು ಹನ್ನೆರಡಕ್ಕೇ ಬರೆದಿದ್ದಾಗಿ ಹೇಳಿ, ತಮ್ಮ ಹನ್ನೆರಡನೆಯ ವಯಸ್ಸಿನ ಫೋಟೋ ಅಂಟಿಸಿದರು. ಕವಿಗೆ ಫೇಸ್‌ಬುಕ್ ಇಲ್ಲ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅವರು ಹೇಳುವುದು, ನಾನು ಉತ್ತರ ಹಾಕುವುದು. ರಾಮದುರ್ಗದಲ್ಲಿ ಅಚ್ಚಾಗಿದ್ದು ಎಂದರು, ಹಾಕಿದೆ. ಯಾವುದರಲ್ಲಿ ಎಂದು ಕೇಳಿದರೆ ಬೀದಿಯ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಪದ್ಯವನ್ನೇ ಹೇಳಿದರು. ಎಂಟು ಸಾಲು. ನಡುವಿನ ಮೂರು ಸಾಲು ಹೀಗಿವೆ:

ಹೊಳೆಯ ದಂಡೆಯ ಬೆಳಕು ಹೊಸ್ತಿಲೊಳಗೂ ಇರಲಿ,
ಇವಳ ನೆರಳಲಿ ಅವನು, ಅವನ ನೆರಳಲಿ ಇವಳು,
ಬಿಸಿಲೆಷ್ಟೆ ಬಂದರೂ ಬಾಡದಿರಲಿ.

ನನಗೆ ಇಷ್ಟವಾಯಿತು. ಟೈಪು ಮಾಡುತ್ತ ಮಾಡುತ್ತ ಮಾರುಕಟ್ಟೆಯ ಗದ್ದಲ ಎಲ್ಲೋ ದೂರ ಹೋದಂತಾಗಿ, ಮುನವಳ್ಳಿ ಹತ್ತಿರ ಮಲಪ್ರಭೆಯ ಹಿನ್ನೀರು ಕಣ್ಣ ಮುಂದೆ ಬಂದು ನಿಂತಿತು. ಅದನ್ನೂ ಗುಂಪಿಗೆ ಹಾಕಿದೆ.

ಮರುದಿನ ಮುನವಳ್ಳಿಯ ನಿವೃತ್ತ ಮಾಸ್ತರರೊಬ್ಬರು ಒಂದು ಫೋಟೋ ಹಾಕಿದರು. ಗುಲಾಬಿ ಬಣ್ಣದ ಹಳೆಯ ಹಾಳೆ, ಸುತ್ತ ಹೂಬಳ್ಳಿಯ ಅಂಚು, ನಡುವೆ ಮಂಗಲಾಷ್ಟಕ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಇದು ಪದ್ಧತಿ. ವಧೂವರರ ನಡುವೆ ಅಂತರಪಟ ಹಿಡಿದಾಗ ಹಾಡುವ ಪದ್ಯಗಳನ್ನು ಆ ಮದುವೆಗೆಂದೇ ಹೊಸದಾಗಿ ಬರೆದು, ಮದುಮಕ್ಕಳ ಹೆಸರು ಸೇರಿಸಿ ಅಚ್ಚು ಹಾಕಿಸಿ, ಅಕ್ಷತೆಯ ಜೊತೆ ಬಂದವರಿಗೆಲ್ಲ ಹಂಚುತ್ತಾರೆ. ಒಂದೊಂದು ಪದ್ಯದ ಕೆಳಗೆ ಅದನ್ನು ಬರೆದ ಬಂಧುವಿನ ಹೆಸರು ಇರುತ್ತದೆ. ಮಾಸ್ತರರ ಹಾಳೆಯ ಮೂರನೆಯ ಪದ್ಯ ನಮ್ಮ ಕವಿಯದೇ. 'ಇವಳ', 'ಅವನ' ಎಂಬಲ್ಲಿ ಮದುಮಕ್ಕಳ ಹೆಸರಿದ್ದವು. ಕೆಳಗೆ ವಧುವಿನ ಸೋದರತ್ತೆ ಎಂದು ಒಬ್ಬ ಹೆಣ್ಣುಮಗಳ ಹೆಸರಿತ್ತು.

'ಇದು ನನ್ನ ತಾಯಿಯ ಪದ್ಯ,' ಎಂದು ಮಾಸ್ತರರು ಬರೆದಿದ್ದರು. 'ನಮ್ಮ ಮನೆಯಲ್ಲಿ ಗಾಜಿನ ಕಟ್ಟು ಹಾಕಿಸಿ ಇಟ್ಟಿದ್ದೇವೆ. ಕವಿಮಹಾಶಯರು ಉತ್ತರ ಕೊಡಬೇಕು.'

ಬೆಂಕಿ ಹತ್ತಿಕೊಂಡಿತು. ನಾನು ನೀರು ಹಾಕುವ ಬದಲು ತುಪ್ಪ ಹಾಕಿದೆ. ಅಡ್ಮಿನ್ ಆದವಳು ನ್ಯಾಯವಾಗಿ ನಡೆಯಬೇಕೆಂಬ ಜಂಬದಲ್ಲಿ ಮಾಸ್ತರರ ಪೋಸ್ಟನ್ನು ಗುಂಪಿನ ನೆತ್ತಿಗೆ ಪಿನ್ ಮಾಡಿ, 'ಮೂರು ದಿನದೊಳಗೆ ಪುರಾವೆ ಒದಗಿಸಿ' ಎಂದು ನನ್ನ ಸ್ಟೂಲಿನ ಮೇಲೆ ಕುಳಿತ ಮನುಷ್ಯನಿಗೆ ನಾನೇ ನೋಟಿಸು ಕೊಟ್ಟೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಕವಿ ಫೋಟೋ ನೋಡಿದರು. ಸಿಟ್ಟಾಗಲಿಲ್ಲ. ಪರದೆಯ ಮೇಲೆ ಮೆಲ್ಲಗೆ ಬೆರಳು ಆಡಿಸಿದರು.

"ಈ ಗುಲಾಬಿ ಕಾಗದಾ ನೋಡಿ ಎಷ್ಟ ವರ್ಷ ಆಗಿತ್ತು," ಎಂದರು. ಆಮೇಲೆ, "ಪುಸ್ತಕಾ ಬ್ಯಾಡ್ರಿ ಅಕ್ಕಾರ. ನಿಲ್ಲಿಸಿಬಿಡ್ರಿ," ಎಂದು ಎದ್ದು ಹೋದರು.

ಎರಡು ದಿನ ಅವರು ಬರಲಿಲ್ಲ. ಮಾರುಕಟ್ಟೆಯಲ್ಲಿ ಹಮಾಲರು ಅವರನ್ನು ಕಂಡು, "ಕಾಕಾ, ತೂಕದಾಗ ಎಂದೂ ಕದೀಲಿಲ್ಲ, ಪದ್ಯದಾಗ ಕದ್ದಿರೇನು?" ಎಂದು ನಕ್ಕರಂತೆ. ಅವರು ತಮಾಷೆಗೆ ಅಂದದ್ದು. ಆದರೆ ಐವತ್ತು ವರ್ಷ ತಕ್ಕಡಿ ಹಿಡಿದು ಆಪಾದನೆಯ ಒಂದು ಮಾತೂ ಕೇಳದವರಿಗೆ ಅದು ಎಲ್ಲಿ ತಾಗಿತೋ. ಕಿತ್ತೂರಿನಿಂದ ಮುನ್ನುಡಿ ಬರೆದಿದ್ದ ಉಪನ್ಯಾಸಕರು ಫೋನು ಮಾಡಿ, ವಿಷಯ ತಿಳಿಯಾಗುವ ತನಕ ತಮ್ಮ ಮುನ್ನುಡಿ ತೆಗೆದಿಡಿ ಎಂದರು. ಅವರದೂ ತಪ್ಪಲ್ಲ. ಹೀಗೆ ಬಿಟ್ಟರೆ ಪುಸ್ತಕ ಹೋಗುವುದಷ್ಟೇ ಅಲ್ಲ, ಕಳ್ಳ ಎಂಬ ಮಾತು ಆ ಮನುಷ್ಯನಿಗೆ ಕೊನೆತನಕ ಅಂಟಿಕೊಳ್ಳುತ್ತಿತ್ತು.

ಮೂರನೆಯ ದಿನ ನಾನೇ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದರು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದರು. ಅವರು ತೊರಗಲ್ಲಿನವರು. ಹದಿನೈದನೆಯ ವಯಸ್ಸಿಗೆ ರಾಮದುರ್ಗದ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಮದುವೆ ಮನೆಯವರು ಮಂಗಲಾಷ್ಟಕ ಅಚ್ಚು ಹಾಕಿಸಲು ಬರುವರು. ನಾಲ್ಕು ಪದ್ಯ ತಂದಿರುವರು, ಒಂದು ಕಡಿಮೆ ಬಿದ್ದಿರುವುದು. ಅತ್ತೆಯದೋ ಅಕ್ಕನದೋ ಹೆಸರು ಬಿಟ್ಟುಹೋದರೆ ಮದುವೆಯಲ್ಲಿ ಮುನಿಸು. ಆ ಒಂದು ಪದ್ಯವನ್ನು ಛಾಪಖಾನೆಯೇ ಹೊಂದಿಸಿ ಕೊಡುತ್ತಿತ್ತು, ಬರೆಯುತ್ತಿದ್ದವನು ಮೊಳೆ ಜೋಡಿಸುವ ಈ ಹುಡುಗ. ಎಲ್ಲರಿಗೂ ಗೊತ್ತಿದ್ದ ಪದ್ಧತಿ, ಯಾರೂ ಬಾಯಿ ಬಿಟ್ಟು ಹೇಳದ ಪದ್ಧತಿ.

"ಬರಿಸಿಕೊಂಡವರ ಹೆಸರು ಬಾಯಾಗ ಬರಬಾರ್ದು ಅಂತ ಮಾಲಕರು ಮೊಳಿ ಪೆಟ್ಟಿಗಿ ಮ್ಯಾಲೆ ಕೈ ಇಡಿಸಿ ಆಣಿ ಮಾಡಿಸಿದ್ರು," ಎಂದರು ಕವಿ.

"ಆ ಮಾಸ್ತರ ತಾಯಿ ಹೆಸರು ಈಗ ಊರಿಗೆಲ್ಲಾ ಗೊತ್ತಾತಲ್ರಿ."

"ಗೊತ್ತಾಗಿರಬೇಕು. ನಾ ಹೇಳಿಲ್ಲ."

"ಹಂಗಾರ ನನ್ನ ಮುಂದ ಆ ಪದ್ಯದ ಮಾತ ಯಾಕ ತಗದ್ರಿ?"

"ಆಸಿ ಆತ್ರಿ," ಎಂದರು. ಅಷ್ಟೇ. ನನಗೆ ಕಣ್ಣು ತುಂಬಿ ಬಂತು. ಎಪ್ಪತ್ತು ವರ್ಷಕ್ಕೊಮ್ಮೆ ಆಸೆಪಟ್ಟವರನ್ನು ನಾನು ಬೀದಿಗೆ ತಂದಿದ್ದೆ.

ಕೆಲಸ ಅಲ್ಲಿಂದ ಶುರುವಾಯಿತು. ಮಾಸ್ತರರಿಗೆ ಸಂದೇಶ ಕಳಿಸಿ ಹಾಳೆಯನ್ನು ಆರುನೂರು ಡಿಪಿಐಗೆ ಸ್ಕ್ಯಾನ್ ಮಾಡಿಸಿ ಕಳಿಸಿರೆಂದು ಕೇಳಿದೆ. 'ಬೇಕಾದಷ್ಟು ಪರೀಕ್ಷೆ ಮಾಡಿಕೊಳ್ಳಿ' ಎಂಬ ಒಕ್ಕಣೆಯೊಂದಿಗೆ ಬಂತು. ಕೆಳಗೆ ಛಾಪಖಾನೆಯ ಹೆಸರಿರುವ ಅಂಚು ಹರಿದುಹೋಗಿತ್ತು. ಉಳಿದದ್ದು ಹೂಬಳ್ಳಿ. ಹಳೆಯ ಅಚ್ಚಿನಲ್ಲಿ ಇಂಥ ಅಂಚನ್ನು ಚಿಕ್ಕ ಚಿಕ್ಕ ಸೀಸದ ತುಂಡುಗಳಿಂದ ಕಟ್ಟುತ್ತಿದ್ದರು. ಪ್ರತಿ ಹೂವೂ ಒಂದು ಬಿಡಿ ತುಂಡು. ಬಿದ್ದು ಮುಕ್ಕಾದ ತುಂಡು ಎಲ್ಲಿ ಅಚ್ಚಾದರೂ ಮುಕ್ಕಾಗಿಯೇ ಕಾಣುತ್ತದೆ. ಮಧ್ಯಾಹ್ನದ ಹೊತ್ತು ಬಾಗಿಲು ಅರ್ಧ ಎಳೆದುಕೊಂಡು ಆ ಬಳ್ಳಿಯನ್ನು ದೊಡ್ಡದು ಮಾಡುತ್ತ ಹೋದೆ. ನಾಲ್ಕು ಪಟ್ಟು, ಎಂಟು ಪಟ್ಟು. ಹೂವು ಹೋಗಿ ಗುಲಾಬಿ ಬಯಲಾಯಿತು, ಬಯಲಿನಲ್ಲಿ ಕರಿಯ ಮಡಿಗಳು, ಮಡಿಗಳ ನಡುವೆ ಕಾಗದದ ನಾರು. ಆ ಬಯಲಿನಲ್ಲಿ ಎಷ್ಟು ಹೊತ್ತು ತಿರುಗಾಡಿದೆನೋ, ಚಹಾ ಆರಿ ಕೆನೆಗಟ್ಟಿತ್ತು. ಬಲಗಡೆಯ ಮೇಲಿನ ಮೂಲೆಯ ಹೂವಿಗೆ ಒಂದು ಎಸಳು ಅರ್ಧ ಇರಲಿಲ್ಲ.

ಆ ಅರ್ಧ ಎಸಳು ಹುಡುಕುತ್ತ ರಾಮದುರ್ಗಕ್ಕೆ ಹೋದೆ. ಛಾಪಖಾನೆ ನಿಂತು ಬಹಳ ವರ್ಷಗಳಾಗಿದ್ದವು. ಮಾಲಕರ ಸೊಸೆ ಅದೇ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು.

"ನಮ್ಮ ಮಾವನಾರು ಅಚ್ಚಾಗಿ ಹೊರಗ ಹೋದ ಹಾಳಿಂದೆಲ್ಲಾ ಒಂದೊಂದು ಪ್ರತಿ ಇಟ್ಟಾರ್ರಿ. ತಂತಿಗೆ ಪೋಣಿಸಿ ಅಟ್ಟದ ಮ್ಯಾಲೆ ಒಗದೇವಿ. ಹುಡುಕೂದಿದ್ರ ಹುಡುಕ್ರಿ, ಧೂಳಾದ್ರ ನನ್ನ ಬೈಬ್ಯಾಡ್ರಿ," ಎಂದರು.

ಮೊದಲ ದಿನದ ಕಟ್ಟುಗಳನ್ನು ಗೆದ್ದಲು ತಿಂದಿತ್ತು. ಎತ್ತಿದರೆ ಹಾಳೆಗಳು ಪುಡಿಯಾಗಿ ಉದುರಿದವು. ಎರಡನೆಯ ದಿನ ಸಿಕ್ಕಿದ್ದು ನಾಟಕದ ಹ್ಯಾಂಡ್‌ಬಿಲ್ಲು, ಬೀಜದಂಗಡಿಯ ರಸೀದಿ, ಪರೀಕ್ಷೆಯ ಪ್ರಶ್ನೆಪತ್ರಿಕೆ. ಬಸ್ಸಿನಲ್ಲಿ ವಾಪಸು ಬರುತ್ತ ಈ ಕೆಲಸ ನನಗೆ ಯಾಕೆ ಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ. ಮೂರನೆಯ ದಿನ ಗುಲಾಬಿ, ಹಳದಿ, ತಿಳಿಹಸಿರು ಹಾಳೆಗಳ ಕಟ್ಟು ಸಿಕ್ಕಿತು. ಎಲ್ಲವೂ ಮಂಗಲಾಷ್ಟಕ. ಅಟ್ಟದ ಕಿಂಡಿಯಿಂದ ಬೀಳುವ ಬಿಸಿಲಿನಲ್ಲಿ ಧೂಳು ಅಕ್ಷತೆಯಂತೆ ತೇಲುತ್ತಿತ್ತು. ಚಿಕ್ಕ ಸ್ಕ್ಯಾನರು, ಲ್ಯಾಪ್‌ಟಾಪು ಹರವಿಕೊಂಡು ಒಂದೊಂದೇ ಹಾಳೆ ತಂತಿಯಿಂದ ಬಿಡಿಸಿದೆ. ಅರ್ಧ ಎಸಳಿನ ಹೂವು ಸಿಕ್ಕಿತು. ಅದರ ಕೆಳಗೆ ಅದೇ ಪದ್ಯ. ಆದರೆ ಮದುಮಕ್ಕಳ ಹೆಸರು ಬೇರೆ, ಬರೆದವರ ಹೆಸರೂ ಬೇರೆ. ವಧುವಿನ ದೊಡ್ಡಮ್ಮ ಎಂದಿತ್ತು.

ಇನ್ನೊಂದು ಸಿಕ್ಕಿತು. ವರನ ಅಕ್ಕ. ಮತ್ತೊಂದು, ವಧುವಿನ ಅತ್ತಿಗೆ. ಸಂಜೆಯ ಹೊತ್ತಿಗೆ ಆರಾದವು. ಮಾಸ್ತರರ ಹಾಳೆಯೂ ಸೇರಿ ಏಳು ಮದುವೆ, ಏಳು ಹೆಂಗಸರು, ಒಂದೇ ಪದ್ಯ.

ಅಟ್ಟದಿಂದಲೇ ಕವಿಗೆ ಫೋನು ಹಚ್ಚಿದೆ.

"ಹೌದ್ರಿ," ಎಂದರು, ಏನೂ ವಿಶೇಷವಲ್ಲ ಎಂಬಂತೆ. "ಚಲೋ ಕುಂತ ಪದ್ಯಾ ಬಿಚ್ಚಬ್ಯಾಡ ಅಂತಿದ್ರು ಮಾಲಕರು. ಜೋಡಿಸಿದ ಮೊಳಿಗೆ ದಾರಾ ಸುತ್ತಿ ಹಲಗಿ ಮ್ಯಾಲೆ ಹಂಗ ಇಡೂದು. ಮುಂದಿನ ಮದಿವಿಗೆ ಹಳೇ ಹೆಸರು ತಗದು ಹೊಸಾ ಹೆಸರು ಹಾಕೂದು. ಬ್ಯಾರೆ ಬ್ಯಾರೆ ಊರಿನ ಮಂದಿ, ಯಾರಿಗೆ ತಿಳೀತೈತಿ?"

ಹಾಳೆಗಳಲ್ಲಿ ಇಸವಿ ಇರಲಿಲ್ಲ, ಸಂವತ್ಸರದ ಹೆಸರು ಮತ್ತು ತಿಥಿ ಇದ್ದವು. ಆ ರಾತ್ರಿ ಸೊಸೆಯವರ ಮನೆಯಲ್ಲೇ ಉಳಿದು, ಅವರ ಮಾವನ ಹಳೆಯ ಪಂಚಾಂಗಗಳನ್ನು ಇಟ್ಟುಕೊಂಡು ಸಾಲಾಗಿ ಜೋಡಿಸಿದೆ. ಎಲ್ಲಕ್ಕಿಂತ ಮೊದಲನೆಯದು ಮಾಸ್ತರರ ಹಾಳೆಗಿಂತ ಎರಡು ವರ್ಷ ಹಿಂದಿನದು. ಕವಿಯ ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ವರ್ಷದಿಂದ ಎಣಿಸಿದರೆ ಸರಿಯಾಗಿ ಹದಿನಾರು.

ಮರುದಿನ ಬೆಳಿಗ್ಗೆ ಎಲ್ಲಕ್ಕಿಂತ ಹಳೆಯದರ ಒಂದು ಝೆರಾಕ್ಸ್ ಮಾಡಿಸಿಕೊಂಡು, ಸೊಸೆಯವರಿಗೆ ಹಾಳೆ ಮರಳಿಸಿ, ವಾಪಸು ಬಸ್ಸು ಹತ್ತಿದೆ. ಏಳೂ ಹಾಳೆಗಳನ್ನು ಒಂದೇ ಚಿತ್ರದಲ್ಲಿ ಕೂಡಿಸಿ, ಏಳು ಹೆಸರಿನ ಸುತ್ತ ಕೆಂಪು ಗೆರೆ ಎಳೆದು ಸಿದ್ಧ ಮಾಡಿದ್ದೆ. ಗುಂಪಿಗೆ ಹಾಕಿದರೆ ಮುಗಿಯಿತು. ಮಾಸ್ತರರ ಬಾಯಿ ಮುಚ್ಚುತ್ತಿತ್ತು. ನನಗೆ ಒಳಗೊಳಗೇ ಖುಷಿ ಉಕ್ಕುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬಸ್ಸು ತೊರಗಲ್ಲಿನಲ್ಲಿ ನಿಂತು ಹೊರಟಿತು. ಕೋಟೆಯ ಗೋಡೆ ಕಿಟಕಿಯಲ್ಲಿ ಸರಿಯಿತು, ಆಮೇಲೆ ಬಿಳಿಜೋಳದ ಹೊಲ, ಕುಸುಬಿಯ ಹಳದಿ. ಕಣ್ಣು ಎಳೆಯುತ್ತಿತ್ತು. ಆ ಅರೆನಿದ್ದೆಯಲ್ಲಿ ಏಳು ಹಂದರ ಕಂಡವು. ಏಳು ಕಡೆ ಏಳು ಹೆಂಗಸರು ಹೊಸ ಸೀರೆ ಉಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ನಡುಗುವ ದನಿಯಲ್ಲಿ ಒಂದೇ ಪದ್ಯ ಹಾಡುತ್ತಿದ್ದರು. ಶಾಲೆಯನ್ನೇ ಕಾಣದವರೂ ಅವರಲ್ಲಿ ಇದ್ದಿರಬಹುದು. ಬದುಕಿನಲ್ಲಿ ತಮ್ಮ ಹೆಸರು ಅಚ್ಚಾಗಿ ಕಂಡದ್ದು ಅದೊಂದೇ ಸಲ. ಅವರ ಹೆಸರಿಗೆ ನಾನು ಕೆಂಪು ಗೆರೆ ಎಳೆದಿದ್ದೆ, ತಪ್ಪು ಉತ್ತರಕ್ಕೆ ಎಳೆದಂತೆ.

ಮುನವಳ್ಳಿ ಬಂದಾಗ ಎಚ್ಚರವಾಯಿತು. ಚಿತ್ರ ಅಳಿಸಿ ಬಸ್ಸಿಳಿದೆ. ಹೇಳುವುದಿದ್ದರೆ ಆ ತಾಯಿಗೆ ಮೊದಲು ಹೇಳಬೇಕು, ಅವರು ಬೇಡ ಎಂದರೆ ಬೇಡ. ಕವಿಯ ಹೆಸರು ಹೋದರೆ ಆ ಪಾಪ ನನಗಿರಲಿ ಎಂದುಕೊಂಡೆ. ಧೈರ್ಯವೇನೂ ಇರಲಿಲ್ಲ.

ಮಾಸ್ತರರು ಬಾಗಿಲಲ್ಲೇ ಗುರುತು ಹಿಡಿದರು. ಗುಂಪಿನಲ್ಲಿ ಹುಲಿಯಂತೆ ಬರೆಯುವವರು ಮನೆಯಲ್ಲಿ ಬಹಳ ಮರ್ಯಾದೆಯ ಮನುಷ್ಯ.

"ಬರ್ರಿ, ಕುಂಡ್ರಿ. ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ," ಎಂದರು. ಗೋಡೆಯ ಮೇಲೆ ಕಟ್ಟು ಹಾಕಿದ ಗುಲಾಬಿ ಹಾಳೆ. ಅದರ ಕೆಳಗೆ ಮಂಚದ ಮೇಲೆ ಅವರ ತಾಯಿ, ತೊಂಬತ್ತರ ಹತ್ತಿರದವರು, ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿದ್ದರು.

ನಾನು ಚೀಲದಿಂದ ಒಂದೇ ಹಾಳೆಯ ಪ್ರತಿ ತೆಗೆದೆ, ಎಲ್ಲಕ್ಕಿಂತ ಹಳೆಯದು. ಹೇಗೆ ಶುರು ಮಾಡಬೇಕೆಂದು ತೊದಲುತ್ತಿದ್ದಾಗ ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಕ್ಕರು.

"ಒಂದs ಸಿಕ್ಕತೇನು ನಿನಗ? ಉಳದದ್ದು ಎಲ್ಲೆ ಅವ?"

ನಾನು ಗರ ಬಡಿದಂತೆ ಕುಳಿತೆ. ಮಾಸ್ತರರು, "ಏನಂದಿ ಅವ್ವಾ?" ಎಂದರು.

"ನಾ ಹಾಡಿದ ಮರುವರ್ಷ ರಾಮದುರ್ಗದಾಗ ಒಂದು ಮದವಿಗೆ ಹೋಗಿದ್ದೆ," ಎಂದರು ಅಜ್ಜಿ ನನ್ನನ್ನೇ ನೋಡುತ್ತ. "ಅಲ್ಲೆ ಇನ್ನೊಬ್ಬಾಕಿ ಎದ್ದು ನಿಂತು ಇದನ್ನ ಹಾಡಿದಳು. ಅಕ್ಷರಾ ಬಿಡದ ಇದನ್ನs. ನನ್ನ ಕೈಯಾಗ ಅಕ್ಷತಿ ಹಂಗs ಉಳೀತು. ಹಾಡು ಮುಗದ ಮ್ಯಾಲೆ ಆಕಿ ನನ್ನ ಮಾರಿ ನೋಡಿದಳು, ನಾ ಆಕಿ ಮಾರಿ ನೋಡಿದೆ. ಆಕಿನೂ ನಮ್ಮ ಮದವಿಗೆ ಬಂದಾಕಿನೇ. ಇಬ್ಬರೂ ಒಂದು ಮಾತು ಆಡಲಿಲ್ಲ. ಊಟಕ್ಕ ಮಾತ್ರ ಬಾಜೂಕ ಬಾಜೂಕ ಕೂತು, ಸೆರಗ ಬಾಯಿಗೆ ಹಚ್ಚಿ ನಕ್ಕೇ ನಕ್ಕಿವಿ."

"ಅಂದ್ರ ಇದು ನೀ ಬರದದ್ದಲ್ಲ?" ಮಾಸ್ತರರ ದನಿ ಸಣ್ಣದಾಗಿತ್ತು.

"ನಾ ಎಲ್ಲಿ ಬರೀಲೋ? ನಮ್ಮಣ್ಣ ಛಾಪಖಾನಿಯಿಂದ ತಂದುಕೊಟ್ಟ. ನೀ ಕಟ್ಟು ಹಾಕಿಸಿದಿ, ಬಂದವರಿಗೆಲ್ಲಾ ತೋರಸಿದಿ. ಒಂದು ದಿವಸರೆ ನನ್ನ ಕೇಳಿದಿಯೇನು? ನೀ ಅಷ್ಟು ಖುಷಿಲೆ ತೋರಸೂದು ನೋಡಿ ನನಗೂ ಹೇಳಲಿಕ್ಕೆ ಮನಸಾಗಲಿಲ್ಲ."

ಮಾಸ್ತರರು ತಲೆ ತಗ್ಗಿಸಿ ಕುಳಿತುಬಿಟ್ಟರು. ಅವರನ್ನು ನೋಡಿ ನನಗೆ ಗೆದ್ದೆನೆಂದು ಅನಿಸಲಿಲ್ಲ, ಸಂಕಟವಾಯಿತು. ಅಟ್ಟದಲ್ಲಿ ಸಿಕ್ಕ ಆರು ಹಾಳೆ, ಪದ್ಯ ಬರೆದ ಛಾಪಖಾನೆಯ ಹುಡುಗ, ಎಲ್ಲ ಹೇಳಿ, ನಾನು ಇದನ್ನು ಎಲ್ಲಿಯೂ ಹಾಕುವುದಿಲ್ಲ ಎಂದುಬಿಟ್ಟೆ.

"ಯಾಕ ಹಾಕೂದಿಲ್ಲ?" ಅಜ್ಜಿ ಗದರಿದರು. "ಯಾವದೋ ಹುಡುಗ ಬರದಾನ, ಅವಗ ಕಳ್ಳ ಅನ್ನಸ್ತೀರೇನು? ನನ್ನ ಹೆಸರು ಹಾಕು. ಉಳದ ಹೆಣಮಕ್ಕಳ ಹೆಸರು ಹಾಕಬ್ಯಾಡ, ಅವರನ್ನ ನಾವು ಕೇಳಿಲ್ಲ." ಆಮೇಲೆ ದನಿ ಇಳಿಸಿ, "ಆ ಹುಡುಗ ಇದ್ದಾನೇನು? ಕರಕೊಂಡು ಬಾ," ಎಂದರು.

ಅಂದು ಸಂಜೆ ಮಾಸ್ತರರೇ ಗುಂಪಿನಲ್ಲಿ ಬರೆದರು. ತಾಯಿ ಹೇಳಿದ್ದನ್ನು ಹೇಳಿದಂತೆ, ಕೆಳಗೆ ತಮ್ಮ ಕ್ಷಮೆ. ಪಿನ್ ತೆಗೆದು ನಾನೂ ನನ್ನ ತಪ್ಪು ಒಪ್ಪಿಕೊಂಡೆ. ಕೆಲವರು ಒಪ್ಪಿದರು, ಕೆಲವರು ಮದುವೆ ಹಾಳೆ ಪ್ರಕಟಣೆ ಹೇಗಾಗುತ್ತದೆಂದು ಹೊಸ ವಾದ ತೆಗೆದರು. ಎರಡು ದಿನಕ್ಕೆ ಅದೂ ಸಪ್ಪಗಾಗಿ, ಜನ ಬೇರೊಬ್ಬರ ಬಿರುದಿನ ಹಿಂದೆ ಬಿದ್ದರು. ಕಿತ್ತೂರಿನ ಉಪನ್ಯಾಸಕರು ಮುನ್ನುಡಿಗೆ ಒಂದು ಪ್ಯಾರಾ ಹೆಚ್ಚಿಸಿ ಮರಳಿ ಕಳಿಸಿದರು.

ಮುನವಳ್ಳಿಗೆ ಬರಲು ಕವಿ ಒಪ್ಪಲಿಲ್ಲ. ಆಣೆ ಮುರಿದಂತಾಗುತ್ತದೆ ಎಂದರು, ಮಂಡಿನೋವು ಎಂದರು. ಕಡೆಗೆ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಾವೇ ಬಸ್ ನಿಲ್ದಾಣಕ್ಕೆ ಬಂದು ನಿಂತಿದ್ದರು. ಹಿನ್ನೀರು ಕಂಡಾಗ ಕಿಟಕಿಯ ಕಡೆ ತಿರುಗಿ ಕುಳಿತರು.

ಮಾಸ್ತರರು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಕವಿ ಅಜ್ಜಿಗೆ ನಮಸ್ಕಾರ ಮಾಡಿ, ಕರೆದರೂ ಕುರ್ಚಿಗೆ ಬಾರದೆ ಬಾಗಿಲ ಹತ್ತಿರದ ಕಂಬಕ್ಕೆ ಆತು ಕುಳಿತರು. ಅಜ್ಜಿ ಅವರನ್ನು ಬಹಳ ಹೊತ್ತು ನೋಡಿದರು. ಬತ್ತಿಯ ತಟ್ಟೆ ಬದಿಗಿಟ್ಟು, ಕೊರಳು ಸರಿಮಾಡಿಕೊಂಡು, ಮದುವೆಯ ಮನೆಯ ಆ ಏರುರಾಗದಲ್ಲಿ ಹಾಡತೊಡಗಿದರು. ದನಿ ಮುರಿಯುತ್ತಿತ್ತು. ಮುರಿದಲ್ಲಿ ನಿಂತು ಉಸಿರು ತೆಗೆದುಕೊಂಡು ಮತ್ತೆ ಎತ್ತಿಕೊಳ್ಳುತ್ತಿದ್ದರು. ಎಂಟು ಸಾಲೂ ಹಾಡಿದರು. ಮದುಮಕ್ಕಳ ಹೆಸರಿನ ಜಾಗದಲ್ಲಿ ಆ ಹಳೆಯ ಮದುಮಕ್ಕಳ ಹೆಸರನ್ನೇ ಹಾಡಿದರು. ಕೊನೆಗೆ 'ಸಾವಧಾನ' ಎಂದಾಗ ಮಾಸ್ತರರ ಕೈ ತಾನೇ ಅಕ್ಷತೆ ಹಾಕುವಂತೆ ಎದ್ದಿತು.

ಕವಿಯ ಮುಖವೆಲ್ಲ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ.

ಮಾಸ್ತರರು ಅವರ ಪಕ್ಕ ನೆಲದ ಮೇಲೆಯೇ ಕುಳಿತು ಮೆಲ್ಲಗೆ ಕೇಳಿದರು: "ಯಾಕ್ರಿ ಅಳ್ತೀರಿ? ನೀವs ಬರದ ಪದ್ಯಾ ಅಲ್ಲೇನು ಇದು?"

"ಛಾಪಖಾನಿ ಹುಡುಗರನ್ನ ಮದಿವಿಗೆ ಯಾರ ಕರೀತಾರ್ರಿ," ಎಂದರು ಕವಿ. "ಪದ್ಯಾ ಬರದಿದ್ದೆ. ಹಾಡಿದ್ದು ಕೇಳಿದ್ದಿಲ್ಲ."